ಅಜ್ಜನ ರೈಫಲ್, ಸಿಗದ ಕಾಡತೂಸು

.315 ರೈಫಲ್ಲಿನ ಒಂದು ಕಾಡತೂಸನ್ನು ಬೋರಲು ಹಿಡಿದು ಅದರ ತಳ ನೋಡಿ. ಹಿತ್ತಾಳೆಯ ದುಂಡು ಬಿಲ್ಲೆ, ನಟ್ಟನಡುವೆ ಕೇಪು, ಸುತ್ತಲೂ ಹೊರಚಾಚಿದ ಅಂಚು. ಕೇಪಿನ ಪಕ್ಕ ‘ಕೆ.ಎಫ್.’ ಎಂದು ಒತ್ತಿದ ಗುರುತು. ಅದು ಪುಣೆ ಹತ್ತಿರದ ಖಡಕಿಯ ಮದ್ದುಗುಂಡು ಕಾರ್ಖಾನೆಯ ಗುರುತು. ಇಂಗ್ಲಿಷರು ಖಡಕಿಯನ್ನು ಕಿರ್ಕಿ ಎನ್ನುತ್ತಿದ್ದರು, ಆ ಹೆಸರಿನ ಮೊದಲಕ್ಷರವೇ ಇಲ್ಲಿ ಉಳಿದುಕೊಂಡಿದೆ. 1869ರಲ್ಲಿ ಶುರುವಾದ ಕಾರ್ಖಾನೆ ಅದು. ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕ ಪರವಾನಗಿ ಪಡೆದು ಇಟ್ಟುಕೊಳ್ಳುವ ರೈಫಲ್ ಎಂದರೆ ಹೆಚ್ಚಾಗಿ ಈ .315. ಬಂದೂಕಿನ ವ್ಯವಹಾರ ಬಲ್ಲವರು ಇದನ್ನೇ ಎಂಟು ಎಂ.ಎಂ. ಎಂದೂ ಕರೆಯುತ್ತಾರೆ.

ಈ ಮಾತು ಎತ್ತಲು ಕಾರಣವಿದೆ. ನಾನು ಸೈನ್ಯದ ವರ್ಕ್‌ಶಾಪಿನಲ್ಲಿ ಆರ್ಮರರ್, ಅಂದರೆ ಬಂದೂಕು ದುರಸ್ತಿಗಾರ, ಆಗಿ ದುಡಿದು ಬಂದವನು. ಊರಿಗೆ ಬಂದ ಮೇಲೂ ಬಂದೂಕಿನ ಪ್ರಶ್ನೆ ಇದ್ದವರು ನನ್ನ ಹತ್ತಿರ ಬರುತ್ತಾರೆ. ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರ ಹುಡುಗನೊಬ್ಬ ಹೋದ ಸುಗ್ಗಿಯಲ್ಲಿ ಬಂದಿದ್ದ. “ಕಾಕಾ, ನಮ್ಮ ಅಜ್ಜಾರ ರೈಫಲ್ ಐತ್ರಿ. ಅದರ ಕಾಡತೂಸ ಎಲ್ಲೂ ಸಿಗವಲ್ವು. ಚೇಂಬರ್ ಕೊರಿಸಿ ಮುನ್ನೂರಾ ಹದಿನೈದು ಮಾಡಿಸಿಬಿಡ್ಲೇನ್ರಿ? ಹಂದಿ ಕಾಟ ಭಾಳ ಆಗೇತಿ” ಅಂದ. ಅಜ್ಜ ಜಮಖಂಡಿ ಸಂಸ್ಥಾನದ ಕಾಲದಲ್ಲಿ ಕೊಂಡ ರೈಫಲ್ಲದು. .275 ರಿಗ್ಬಿ ಎಂದು ಹೆಸರು. ಅಳತೆಯಲ್ಲಿ ಜರ್ಮನಿಯ 7 ಎಂ.ಎಂ. ಮೌಸರ್. ಮರದ ಹಿಡಿ ಎಣ್ಣೆ ಕುಡಿದು ಕಪ್ಪಾಗಿತ್ತು. ನಳಿಗೆಯೊಳಗೆ ದೀಪ ಬಿಟ್ಟು ನೋಡಿದರೆ ಸುರುಳಿ ಗೀರುಗಳು ಇನ್ನೂ ಚೊಕ್ಕವಾಗಿದ್ದವು.

ಹುಡುಗ ಕೇಳಿದ್ದು ತಪ್ಪಲ್ಲ. ಕಾಡತೂಸು ಇಲ್ಲದ ರೈಫಲ್ ಬರೀ ಕಬ್ಬಿಣ, ಹೌದು. ಆದರೆ ಅವನಿಗೆ ಉತ್ತರ ಹೇಳಬೇಕೆಂದರೆ ನೂರು ವರ್ಷಕ್ಕೂ ಹಿಂದಿನ ಒಂದು ಸಂಗತಿಯಿಂದ ಶುರು ಮಾಡಬೇಕು. ಅವನು ಬಯಸುವ ಆ .315 ಬೋರ್, ಅಂದರೆ ಆ ಅಳತೆಯ ನಳಿಗೆ, ನಮ್ಮ ದೇಶಕ್ಕೆ ಬಂದದ್ದೇ ಇಂಥದೊಂದು ಬದಲಾವಣೆಯ ಫಲವಾಗಿ. ಬೇಟೆಗಾರರು ಮೆಚ್ಚಿ ತಂದ ಬೋರ್ ಅಲ್ಲ ಅದು. ಅದನ್ನು ತಂದದ್ದು ಸರ್ಕಾರದ ಭಯ.

ಆ ಭಯ ಎಂಥದೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯ ಹತಾರು ಕಿತ್ತುಕೊಳ್ಳುವ ಕಾಯ್ದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಕೊಡುವುದಿಲ್ಲ ಎಂದರು. ಬೇಟೆ ಅವರ ಬದುಕು, ಹತಾರು ಅವರ ಅನ್ನ. ನವೆಂಬರ್ ಕೊನೆಗೆ ದಂಡು ಬಂದು ಊರು ಸುಟ್ಟಿತು. ಡಿಸೆಂಬರ್ 11ರಂದು ಮುಧೋಳದಲ್ಲಿ, 14ರಂದು ಹಲಗಲಿಯಲ್ಲಿ, ಒಟ್ಟು 19 ಜನರನ್ನು ಗಲ್ಲಿಗೇರಿಸಿದರು. ಹಲಗಲಿ ಬೇಡರ ಲಾವಣಿ ಕೇಳಿ ಬೆಳೆದವರು ನಾವು. ಅದಾಗಿ ಇಪ್ಪತ್ತೊಂದು ವರ್ಷಕ್ಕೆ, 1878ರಲ್ಲಿ, ವೈಸರಾಯ್ ಲಿಟ್ಟನ್ ಕಾಲದ ಶಸ್ತ್ರಾಸ್ತ್ರ ಕಾಯ್ದೆ ಬಂತು. ಪರವಾನಗಿ ಇಲ್ಲದೆ ಭಾರತೀಯನ ಮನೆಯಲ್ಲಿ ಬಂದೂಕು ಇರಕೂಡದು ಎಂಬುದು ಅದರ ಸಾರ.

ಅಷ್ಟಾದರೂ ಭಯ ಹೋಗಲಿಲ್ಲ. ಪರವಾನಗಿ ಇದ್ದವನ ಕಾಡತೂಸು ಇಲ್ಲದವನ ಕೈ ಸೇರಿದರೆ? ವಾಯವ್ಯ ಗಡಿನಾಡಿನ ಪಠಾಣರ ಕೈಗೆ, ಸುಡಾನಿನ ಬಂಡಾಯಗಾರರ ಕೈಗೆ ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕುಗಳು ಬೇಕಾದಷ್ಟು ಹೋಗಿದ್ದವು. ಅವುಗಳ ಬೋರು .450. ಲಂಡನ್ನಿನ ರಿಗ್ಬಿ ಅಂಗಡಿ 1898ರಲ್ಲಿ ಹೊರತಂದಿದ್ದ, ಹುಲಿ-ಆನೆ ಬೇಟೆಯ ಹೆಸರುವಾಸಿ ಜೋಡುನಳಿಗೆ ರೈಫಲ್ಲಿನ ಬೋರೂ .450. ಸಾಹೇಬರ ಬೇಟೆಗೆಂದು ಬಂದ ಕಾಡತೂಸನ್ನು ಬಿಚ್ಚಿ ಅದರ ಗುಂಡನ್ನು ಮಾರ್ಟಿನಿಗೆ ತುಂಬಬಹುದಲ್ಲ ಎಂದು ಸರ್ಕಾರ ಯೋಚಿಸಿತು. 1907ರ ಹೊತ್ತಿಗೆ ಭಾರತಕ್ಕೂ ಸುಡಾನಿಗೂ .450 ತರುವುದು ನಿಷಿದ್ಧವಾಯಿತು. ಸೈನ್ಯದ .303 ಕೂಡ ಖಾಸಗಿಯವರಿಗೆ ಮುಚ್ಚಿತು.

ಒಂದು ಹುಕುಂ ಎಷ್ಟು ನಳಿಗೆಗಳನ್ನು ಬದಲಿಸಿತು ನೋಡಿ. ಜೋಸೆಫ್ ಲ್ಯಾಂಗ್ ಎಂಬ ಲಂಡನ್ ಬಂದೂಕು ಅಂಗಡಿ .450ರ ಜಾಗಕ್ಕೆ .470 ತಂದಿತು. ಹಾಲೆಂಡ್ ಅಂಡ್ ಹಾಲೆಂಡ್ ಅಂಗಡಿ .465 ತಂದಿತು. .475, .476 ಬಂದವು. ಇವುಗಳ ನಡುವೆ ಪ್ರಾಣಿಗೆ ಗೊತ್ತಾಗುವಷ್ಟು ವ್ಯತ್ಯಾಸವೇನೂ ಇಲ್ಲ. ಇವೆಲ್ಲ ಹುಟ್ಟಿದ್ದು .450 ಆಗಿರಕೂಡದು ಎಂಬ ಒಂದೇ ಕಾರಣಕ್ಕೆ. ಸಣ್ಣ ಬೋರಿನ ಕತೆಯೂ ಇಷ್ಟೇ. .303 ಬೇಡವೆಂದ ಮೇಲೆ, ಆಸ್ಟ್ರಿಯಾ-ಹಂಗೇರಿಯ ಸೈನ್ಯ ಬಳಸುತ್ತಿದ್ದ 8 ಎಂ.ಎಂ. ಮಾನ್ಲಿಕರ್ ಕಾಡತೂಸನ್ನು ಇಲ್ಲಿನ ಶಿಕಾರಿಗೆ ಆರಿಸಿಕೊಂಡರು. ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪನಿ, .303ಕ್ಕೆ ಬಳಸುತ್ತಿದ್ದ ಲೀ ಮಾದರಿ ಬೋಲ್ಟಿನ ರೈಫಲ್ ಮೈಗೇ ಈ ಹೊಸ ಬೋರಿನ ನಳಿಗೆ ಕೂಡಿಸಿ ಭಾರತದ ಮಾರುಕಟ್ಟೆಗೆ ಕಳಿಸಿತು. ಅದೇ .315. ಮೈ ಹಳೆಯದು, ನಳಿಗೆ ಮತ್ತು ಚೇಂಬರ್ ಬೇರೆ.

ಸ್ವಾತಂತ್ರ್ಯ ಬಂತು, 1959ರಲ್ಲಿ ನಮ್ಮದೇ ಶಸ್ತ್ರಾಸ್ತ್ರ ಕಾಯ್ದೆ ಬಂತು. .303 ಮಾತ್ರ ಇಂದಿಗೂ ನಿಷೇಧಿತ ಬೋರ್ ಪಟ್ಟಿಯಲ್ಲೇ ಇದೆ. ಬಂಗಾಳದ ಇಛಾಪುರ ರೈಫಲ್ ಕಾರ್ಖಾನೆ ನಾಗರಿಕರಿಗೆಂದು .315 ಮಾಡುತ್ತ ಬಂತು. 2021ರ ಅಕ್ಟೋಬರ್ 1ರಂದು ಆರ್ಡ್‌ನನ್ಸ್ ಕಾರ್ಖಾನೆಗಳ ಮಂಡಳಿ ಹೋಗಿ ಏಳು ಸರ್ಕಾರಿ ಕಂಪನಿಗಳಾದವು. ಬೋರು ಮಾತ್ರ ಬದಲಾಗಲಿಲ್ಲ. ಹಲಗಲಿಯನ್ನು ಸುಟ್ಟ ರಾಜ್ಯದ ಅಂಜಿಕೆ ನಮ್ಮ ಕಾಡತೂಸಿನ ಅಳತೆಯಲ್ಲಿ ಇನ್ನೂ ಕೂತಿದೆ ಎಂದು ನನಗೆ ಅನಿಸುತ್ತದೆ. ಯಾವ ಬೋರ್ ಇರಬೇಕು ಎಂಬುದು ನಮ್ಮ ದೇಶದಲ್ಲಿ ಲೇತಿನ ಮೇಲೆ ನಿರ್ಧಾರವಾದದ್ದು ಯಾವತ್ತೂ ಇಲ್ಲ. ಅದು ಕಾಯ್ದೆಯ ಪುಟದಲ್ಲೇ ನಿರ್ಧಾರವಾದದ್ದು.

ಇನ್ನು ಹುಡುಗನ ರೈಫಲ್ಲಿಗೆ ಬರೋಣ.

ಚೇಂಬರ್ ಎಂದರೆ ನಳಿಗೆಯ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡು. ಅದು ಆ ಕಾಡತೂಸಿನ ಮೈಗೆ ಕೂದಲೆಳೆಯಷ್ಟೇ ಸಡಿಲವಾಗಿರಬೇಕು. ಮದ್ದು ಹೊತ್ತಿದ ಕ್ಷಣ ಹಿತ್ತಾಳೆ ಉಬ್ಬಿ ಗೂಡಿನ ಗೋಡೆಗೆ ಅಂಟುತ್ತದೆ. ಹೊಗೆಯೂ ಬೆಂಕಿಯೂ ಹಿಂದೆ ನಿಮ್ಮ ಮುಖದ ಕಡೆ ಬರದಂತೆ ತಡೆಯುವುದು ಆ ಹಿತ್ತಾಳೆಯೇ. ಗೂಡು ಅಗಲವಾಗಿದ್ದರೆ ಹಿತ್ತಾಳೆ ಸೀಳುತ್ತದೆ. ತಳಕ್ಕೂ ಬೋಲ್ಟಿಗೂ ನಡುವೆ ಜಾಗ ಹೆಚ್ಚಾಗಿದ್ದರೆ ಕಾಡತೂಸು ತಳದ ಬಳಿ ತುಂಡಾಗಬಹುದು. ಆ ಜಾಗಕ್ಕೆ ನಮ್ಮ ಕಸುಬಿನಲ್ಲಿ ಹೆಡ್‌ಸ್ಪೇಸ್ ಎನ್ನುತ್ತೇವೆ. ಅದನ್ನು ಅಳೆಯಲು ಉಕ್ಕಿನ ಗೇಜುಗಳಿವೆ, ಕಣ್ಣಳತೆ ಅಲ್ಲಿ ನಡೆಯುವುದಿಲ್ಲ.

ಇದ್ದ ಗೂಡನ್ನು ಕೊರೆದು ದೊಡ್ಡದು ಮಾಡಬಹುದು, ಸಣ್ಣದು ಮಾಡಲು ಬರುವುದಿಲ್ಲ. ಚಕ್ಕಡಿ ಗಾಲಿಯ ನಡುವಿನ ತೂತಿನ ಹಾಗೆ, ಒಮ್ಮೆ ಹಿಗ್ಗಿಸಿದರೆ ಮುಗಿಯಿತು. ಆದ್ದರಿಂದ ಹಳೆಯದಕ್ಕಿಂತ ಎಲ್ಲ ಕಡೆಯೂ ದೊಡ್ಡದಾದ, ಆದರೆ ಗುಂಡಿನ ದಪ್ಪ ಮಾತ್ರ ಅಷ್ಟೇ ಇರುವ ಕಾಡತೂಸಿಗಷ್ಟೇ ಬರೀ ಚೇಂಬರ್ ಕೊರೆದು ಬದಲಿಸಲು ಸಾಧ್ಯ. ಹುಡುಗನಿಗೆ ಈ ಮಾತು ಯಾರೂ ಹೇಳಿರಲಿಲ್ಲ. ನಾನು ಅವನ ಎದುರು ಎರಡು ಅಂಕಿ ಬರೆದಿಟ್ಟೆ. ಅಜ್ಜನ .275ರ ಗುಂಡಿನ ದಪ್ಪ ಸುಮಾರು 7.2 ಮಿಲಿಮೀಟರ್. .315ರ ಗುಂಡು 8.2. ಚೇಂಬರ್ ಒಂದನ್ನೇ ಕೊರೆಸಿ ಆ ಕಾಡತೂಸನ್ನು ಕೂಡಿಸಿದರೆ, ಒಂದು ಮಿಲಿಮೀಟರ್ ಹೆಚ್ಚು ದಪ್ಪದ ಗುಂಡು ಇಕ್ಕಟ್ಟು ನಳಿಗೆಗೆ ನುಗ್ಗಬೇಕು. ನುಗ್ಗಲಾರದೆ ನಿಂತರೆ ಒತ್ತಡವೆಲ್ಲ ಹಿಂದಕ್ಕೆ. ಆಗ ಒಡೆಯುವುದು ಕೆನ್ನೆಯ ಪಕ್ಕದ ಉಕ್ಕು.

ತಳದ ಅಂಚಿನ ವಿಷಯವೂ ಇದೆ. ನಾನು ಮೊದಲು ಹೇಳಿದ ಆ ಹೊರಚಾಚಿದ ಅಂಚು .315ರಲ್ಲಿ ಸುಮಾರು 14 ಮಿಲಿಮೀಟರ್. ಮೌಸರ್ ಕಾಡತೂಸಿಗೆ ಹೊರಗೆ ಚಾಚಿದ ಅಂಚೇ ಇಲ್ಲ, ತಳ ಸುಮಾರು 12. ಬೋಲ್ಟಿನ ಮುಖವನ್ನು ಕೊರೆಯಬೇಕು, ಖಾಲಿ ಕಾಡತೂಸು ಎಳೆಯುವ ಕೊಕ್ಕೆ ಬದಲಿಸಬೇಕು. ಮ್ಯಾಗಜೀನಿನಲ್ಲಿ ಅಂಚಿಗೆ ಅಂಚು ಸಿಕ್ಕಿಕೊಳ್ಳದ ಹಾಗೆ ಅದನ್ನೂ ಹೊಸದಾಗಿ ಮಾಡಬೇಕು. ನಳಿಗೆ ಹೊಸದು, ಬೋಲ್ಟ್ ಹೊಸದು, ಮ್ಯಾಗಜೀನ್ ಹೊಸದು ಎಂದ ಮೇಲೆ ಅಜ್ಜನ ರೈಫಲ್ ಎಂದು ಉಳಿಯುವುದೇನು? ಮರದ ಹಿಡಿ ಮತ್ತು ಪಟ್ಟಿ.

ರಿಗ್ಬಿ ಅಂಗಡಿಯ ಇನ್ನೊಂದು .275ರ ಕತೆ ಹೇಳುತ್ತೇನೆ. ಕುಮಾವೂನಿನಲ್ಲಿ ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು ಜಿಮ್ ಕಾರ್ಬೆಟ್ ಹೊಡೆದದ್ದು 1907ರಲ್ಲಿ. ಅದಕ್ಕಾಗಿ ಆಗಿನ ಲೆಫ್ಟಿನೆಂಟ್ ಗವರ್ನರ್ ಸರ್ ಜಾನ್ ಹೆವೆಟ್ ಕಾರ್ಬೆಟ್ಟರಿಗೆ ಕೊಟ್ಟದ್ದು .275 ರಿಗ್ಬಿ. ಒಂದು ಕಡೆ ಸರ್ಕಾರ ಬೋರ್ ನಿಷೇಧಿಸುತ್ತಿದ್ದ ವರ್ಷವೇ ಇನ್ನೊಂದು ಕಡೆ ರೈಫಲ್ ಇನಾಮು. ನಮ್ಮ ರಾಜ್ಯದ ಕಾಡುಗಳಲ್ಲಿ ಓಡಾಡಿದ ಬೆಂಗಳೂರಿನ ಕೆನೆತ್ ಆಂಡರ್ಸನ್ ಬಳಸಿದ್ದು .405 ವಿಂಚೆಸ್ಟರ್, 1904ರಲ್ಲಿ ಅಮೆರಿಕದಲ್ಲಿ ಬಂದ ಕಾಡತೂಸಿನದು. ಇವೆರಡೂ ಇಂದು ನಮ್ಮ ಯಾವ ಅಂಗಡಿಯಲ್ಲೂ ಸುಲಭಕ್ಕೆ ಸಿಗುವ ಬೋರ್‌ಗಳಲ್ಲ. ಆದರೂ ಅವುಗಳ ಬೆಲೆ ಇರುವುದು ಹೇಗಿದ್ದವೋ ಹಾಗೇ ಉಳಿದದ್ದರಲ್ಲಿ. ತಯಾರಕನ ಹೆಸರು, ಕ್ರಮಾಂಕ, ಒತ್ತಡದ ಪರೀಕ್ಷೆ ಪಾಸಾದದ್ದಕ್ಕೆ ನಳಿಗೆಯ ಮೇಲೆ ಒತ್ತಿದ ಮುದ್ರೆ, ಇವೆಲ್ಲ ಒಂದಕ್ಕೊಂದು ಸಾಕ್ಷಿ. ನಳಿಗೆ ಕೊರೆದ ದಿನ ಆ ಮುದ್ರೆ ಸುಳ್ಳಾಗುತ್ತದೆ, ಮತ್ತೆ ಹೊಸದಾಗಿ ಪರೀಕ್ಷೆ ಆಗಲೇಬೇಕು.

ವಿಜಯಪುರದವರಿಗೆ ಇದನ್ನು ತೋರಿಸಿಕೊಡಲು ದೂರ ಹೋಗಬೇಕಿಲ್ಲ. ಶೆರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪನ್ನು 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದವನು ಮುಹಮ್ಮದ್ ಬಿನ್ ಹಸನ್ ರೂಮಿ. ಅವನ ಹೆಸರು ತೋಪಿನ ಮೇಲೆ ಇದೆ. ಊರು ಗೆದ್ದ ಔರಂಗಜೇಬ 1686ರಲ್ಲಿ ತನ್ನ ಬರಹವನ್ನೂ ಕೆತ್ತಿಸಿದ. ಹಳೆಯದನ್ನು ಅಳಿಸದೆ ಕೆತ್ತಿಸಿದ್ದರಿಂದ ಇಂದು ನಾವು ಎರಡನ್ನೂ ಓದುತ್ತೇವೆ, ಯಾರು ಮಾಡಿದರು, ಯಾರು ಗೆದ್ದರು ಎಂಬುದು ತಿಳಿಯುತ್ತದೆ. ಸುಮಾರು 55 ಟನ್ ಲೋಹಕ್ಕೆ ಸಲ್ಲುವ ಮರ್ಯಾದೆ ಮೂರೂವರೆ ಕಿಲೋದ ರೈಫಲ್ಲಿಗೂ ಸಲ್ಲಬೇಕು ಎಂಬುದು ಕಸುಬುದಾರನಾಗಿ ನನ್ನ ಖಚಿತ ಅಭಿಪ್ರಾಯ.

ಕಾಯ್ದೆಯ ಮಾತನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. 1959ರ ಕಾಯ್ದೆಯ 5ನೇ ಕಲಮಿನಂತೆ ಬಂದೂಕು ತಯಾರಿಸುವುದಕ್ಕಷ್ಟೇ ಅಲ್ಲ, ಮಾರ್ಪಡಿಸುವುದಕ್ಕೂ, ದುರಸ್ತಿಗೂ, ಪರೀಕ್ಷೆಗೂ ಬೇರೆ ಪರವಾನಗಿ ಬೇಕು. ಬಂದೂಕು ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಾಲದು. 2019ರ ತಿದ್ದುಪಡಿಯ ಬಳಿಕ ಆ ಕಲಮು ಮೀರಿದರೆ ಕಡಿಮೆಯೆಂದರೆ ಏಳು ವರ್ಷ, ಹೆಚ್ಚೆಂದರೆ ಜೀವಾವಧಿ. ಊರ ಲೇತಿನವನು ನಿಮ್ಮ ಸ್ನೇಹಿತನೇ ಇರಬಹುದು, ಟ್ರ್ಯಾಕ್ಟರಿನ ಶಾಫ್ಟನ್ನು ಬಂಗಾರದಂತೆ ತಿರುಗಿಸಿಕೊಡಬಹುದು. ಅವನ ಮುಂದೆ ನಳಿಗೆ ಇಟ್ಟರೆ ಅವನನ್ನೂ ನಿಮ್ಮನ್ನೂ ಜೈಲಿಗೆ ಕರೆದೊಯ್ದಂತೆ. ಪರವಾನಗಿಯ ಪುಸ್ತಕದಲ್ಲಿ ಬೋರು ಮತ್ತು ಕ್ರಮಾಂಕ ಬರೆದಿರುತ್ತದೆ. ಚುನಾವಣೆ ಬಂದಾಗ ಠಾಣೆಗೆ ಜಮಾ ಮಾಡುವಾಗ ಪೊಲೀಸರು ಮೊದಲು ತಾಳೆ ನೋಡುವುದು ಅವೆರಡನ್ನೇ. ಕೊಡಗಿನ ಮಂದಿಗೆ ಕೋವಿಯ ವಿಷಯದಲ್ಲಿ ವಿನಾಯಿತಿ ಇದೆ. ಅದು ಅವರ ಇತಿಹಾಸಕ್ಕೆ ಸಂದದ್ದು, ನಮ್ಮ ಜಿಲ್ಲೆಗೆ ಅನ್ವಯಿಸುವುದಿಲ್ಲ.

ಇನ್ನು ಹಂದಿ. ಇದನ್ನು ಹಗುರವಾಗಿ ತೆಗೆದುಕೊಳ್ಳುವವನು ನಾನಲ್ಲ. ಏತ ನೀರಾವರಿಯ ನೀರು ಬಬಲೇಶ್ವರ, ತಿಕೋಟಾ ಕಡೆ ಹರಿದ ಮೇಲೆ ಕಬ್ಬು ಹೆಚ್ಚಾಯಿತು. ಕಬ್ಬಿನ ಗದ್ದೆ ಹಂದಿಗೆ ಹಗಲಿನ ಮನೆ. ರಾತ್ರಿ ಗೋವಿನಜೋಳಕ್ಕೆ, ಶೇಂಗಾಕ್ಕೆ ಬಿದ್ದರೆ ಬೆಳಗಾಗುವುದರಲ್ಲಿ ಹೊಲ ಹರಗಿದಂತೆ ಆಗಿರುತ್ತದೆ. ದೋಣಿ ನದಿ ಸಾಲಿನ ಎರೆ ಹೊಲಗಳಲ್ಲಿ ಚಿಗರಿ ಹಿಂಡು ಕಡಲೆಯ ಕುಡಿ ಮೇಯ್ದರೆ ರೈತನ ಹೊಟ್ಟೆ ಉರಿಯುವುದು ಸಹಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಚಿಗರಿ, ಅಂದರೆ ಕೃಷ್ಣಮೃಗ, ಮೊದಲನೇ ಅನುಸೂಚಿಯ ಪ್ರಾಣಿ. ಬೆಳೆ ತಿಂದಿತು ಎಂಬ ಕಾರಣಕ್ಕೆ ಅದನ್ನು ಹೊಡೆಯಲು ಯಾರೂ ಅನುಮತಿ ಕೊಡಲಾರರು. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ಅದು ಬೆಳೆಗೆ ಅಪಾಯವೆಂದು ಕಂಡರೆ ಮುಖ್ಯ ವನ್ಯಜೀವಿ ಪರಿಪಾಲಕರು, ಇಲ್ಲವೇ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು ಲಿಖಿತ ಆದೇಶ ಕೊಡಬಹುದು. ಆ ಕಾಗದ ಕೈಯಲ್ಲಿಲ್ಲದೆ ಹೊಡೆದರೆ ಬೋರು ಯಾವುದಾದರೂ ಅಪರಾಧ ಒಂದೇ.

ಆದೇಶ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಆಗಲೂ ನಮ್ಮ ಹೊಲಗಳಲ್ಲಿ ರೈಫಲ್ ಬೇಡ ಎನ್ನುತ್ತೇನೆ. ಸುಮಾರು 16 ಗ್ರಾಂ ತೂಕದ .315ರ ಗುಂಡು ಸೆಕೆಂಡಿಗೆ 600 ಮೀಟರಿನಂತೆ ನಳಿಗೆ ಬಿಡುತ್ತದೆ. ತಪ್ಪಿ ಹೋದರೆ ಎರಡು-ಮೂರು ಕಿಲೋಮೀಟರ್ ಹಾರಬಲ್ಲದು. ಮಲೆನಾಡಿನಲ್ಲಿ ಹಿಂದೆ ಗುಡ್ಡವಿರುತ್ತದೆ, ಮಣ್ಣು ಗುಂಡನ್ನು ನುಂಗುತ್ತದೆ. ತಿಕೋಟಾದಿಂದ ಬಬಲೇಶ್ವರದವರೆಗೆ ನಮ್ಮ ನೆಲ ಅಂಗೈಯಂತೆ ಚಪ್ಪಟೆ. ಹೊಲದಲ್ಲೇ ಮನೆ ಮಾಡಿಕೊಂಡ ವಸ್ತಿಗಳಿವೆ, ದ್ರಾಕ್ಷಿ ಪಡದಲ್ಲಿ ಕೂಲಿಯವರಿರುತ್ತಾರೆ. ಒಣದ್ರಾಕ್ಷಿ ಶೆಡ್ಡುಗಳ ಪಕ್ಕ ಹೊರಗೇ ಮಲಗುವವರಿರುತ್ತಾರೆ, ರಾತ್ರಿ ನೀರು ಹಾಯಿಸುವವನೂ ಇರುತ್ತಾನೆ. ಹನ್ನೆರಡು ಬೋರಿನ ಬಂದೂಕಿನ ಸಣ್ಣ ಛರ್ರಾ ಮುನ್ನೂರು ಮೀಟರಿನೊಳಗೆ ನೆಲ ಸೇರುತ್ತದೆ. ರೈಫಲ್ ಗುಂಡು ಯಾರ ಮನೆ ಸೇರಿತೆಂದು ಹೊಡೆದವನಿಗೆ ಗೊತ್ತಾಗುವುದು ಬೆಳಗಾದ ಮೇಲೆ. ಹಂದಿಗೆ ಬೇರೆ ದಾರಿಗಳಿವೆ: ಬೇಲಿ, ಸೌರ ತಂತಿ, ಕಾವಲು, ಬೆಳೆ ಹಾನಿಗೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ. ಇವುಗಳಲ್ಲಿ ದುಡ್ಡು ಮತ್ತು ತಾಳ್ಮೆ ಎರಡೂ ಖರ್ಚಾಗುತ್ತವೆ ಎಂಬುದು ನನಗೆ ಗೊತ್ತು. ಪರಿಹಾರ ತಡವಾದಾಗ ಇಲಾಖೆಯನ್ನು ಒಟ್ಟಾಗಿ ಕೇಳಬೇಕಾದವರು ನಾವೇ.

ಹಾಗಾದರೆ ಅಜ್ಜನ ರೈಫಲ್ ಏನು ಮಾಡುವುದು? ಮೊದಲನೆಯದು, ಅದು ಈಗ ಯಾರ ಹೆಸರಿನಲ್ಲಿದೆ ನೋಡಿ. ಪರವಾನಗಿ ಇದ್ದವರು ತೀರಿಕೊಂಡಿದ್ದರೆ ರೈಫಲ್ಲನ್ನು ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಬಂದೂಕು ವ್ಯಾಪಾರಿಯ ಬಳಿ ಜಮಾ ಮಾಡಿ ರಸೀತಿ ಪಡೆಯಬೇಕು. ಆಮೇಲೆ ಜಿಲ್ಲಾಧಿಕಾರಿ ಕಚೇರಿಗೆ ವಾರಸುದಾರನ ಅರ್ಜಿ. 2016ರ ನಿಯಮಗಳ ಪ್ರಕಾರ ಪರವಾನಗಿದಾರರು ಬದುಕಿದ್ದಾಗಲೂ, ಅವರಿಗೆ 70 ವರ್ಷ ತುಂಬಿದ್ದರೆ ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಿದ್ದರೆ, ವಾರಸುದಾರ ಅರ್ಜಿ ಹಾಕಬಹುದು. ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮನೆತನದಿಂದ ಬಂದದ್ದಕ್ಕೂ ಈಗ ಅದೇ ಮಿತಿ. ಹಾರಿಸುವ ಉದ್ದೇಶವೇ ಇಲ್ಲ, ನೆನಪಿಗೆ ಬೇಕು ಎನ್ನುವವರಿಗೆ ಬಂದೂಕನ್ನು ಅಧಿಕೃತವಾಗಿ ನಿಷ್ಕ್ರಿಯಗೊಳಿಸುವ ದಾರಿಯನ್ನೂ ಅದೇ ನಿಯಮಗಳು ಕೊಟ್ಟಿವೆ. ಆದರೆ ಅದಕ್ಕೆ ಅವಸರ ಪಡಬೇಡಿ. ನಿಷ್ಕ್ರಿಯ ಮಾಡಿದ್ದನ್ನು ಮತ್ತೆ ಸರಿಪಡಿಸಲು ಬಾರದು. ಹುಡುಗನಿಗೆ ನಾನು ಹೇಳಿದ್ದು ಇಷ್ಟು: ಬೋರ್ ಮುಟ್ಟಬೇಡ, ನಿನ್ನ ಹೆಸರಿಗೆ ಮಾಡಿಸಿಕೋ, ವರ್ಷಕ್ಕೆರಡು ಸಲ ಎಣ್ಣೆ ಹಾಕು. .275ರ ಕಾಡತೂಸು ಮುಂದೆ ಕಾಯ್ದೆ ಪ್ರಕಾರ ಸಿಕ್ಕರೆ ಆಗ ನೋಡೋಣ. ಅವನಿಗೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. “ಹಂಗಾದ್ರ ಅದು ಸುಮ್ನ ಕುಂದರೂದೇನ್ರಿ?” ಅಂದ. ಹೌದು, ಸುಮ್ಮನೆ ಕೂರಲಿ ಅಂದೆ. ಅರ್ಜಿ ಮಾತ್ರ ಕೊಟ್ಟಿದ್ದಾನೆ.

ಇಂಥ ರೈಫಲ್ಲಿನ ಜೊತೆ ಎಷ್ಟೋ ಮನೆಗಳಲ್ಲಿ ಹಳೆಯ ಕಾಡತೂಸುಗಳ ಡಬ್ಬಿಯೂ ಇರುತ್ತದೆ. ಅದರ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಹಿತ್ತಾಳೆ ಹಸಿರುಗಟ್ಟಿದ್ದರೆ, ಕುತ್ತಿಗೆ ಬಿರುಕು ಬಿಟ್ಟಿದ್ದರೆ ಹಾರಿಸಿ ನೋಡುವ ಗೋಜಿಗೆ ಹೋಗಬೇಡಿ. ಹಳೆಯ ಕೇಪು ಒಮ್ಮೊಮ್ಮೆ ತಡವಾಗಿ ಹೊತ್ತುತ್ತದೆ. ಕುದುರೆ ಎಳೆದಾಗ ಏನೂ ಆಗಲಿಲ್ಲವೆಂದು ಬೋಲ್ಟ್ ತೆರೆದ ಹೊತ್ತಿಗೆ ಸಿಡಿದ ಉದಾಹರಣೆಗಳಿವೆ. ಬಿಚ್ಚಿ ಮದ್ದು ತೆಗೆಯಲೂ ಹೋಗಬೇಡಿ, ಬಾವಿಗೆ ಎಸೆಯಬೇಡಿ, ಒಲೆಯ ಹತ್ತಿರ ಇಡಬೇಡಿ, ಮಕ್ಕಳ ಕೈಗೆ ಸಿಗುವಲ್ಲಂತೂ ಬೇಡವೇ ಬೇಡ. ಅವನ್ನು ಬಸ್ಸಿನಲ್ಲಿ ನೀವೇ ಹೊತ್ತುಕೊಂಡು ಹೋಗುವ ಬದಲು ನಿಮ್ಮ ಠಾಣೆಗೆ ತಿಳಿಸಿ, ಎಷ್ಟಿವೆ, ಯಾವ ಬೋರು ಎಂದು ಬರೆದುಕೊಟ್ಟು, ಅವರು ಹೇಳಿದಂತೆ ಒಪ್ಪಿಸಿ ಸಹಿ ಮಾಡಿದ ಸ್ವೀಕೃತಿ ಪಡೆಯಿರಿ. ಆ ಸ್ವೀಕೃತಿಯನ್ನು ಪರವಾನಗಿ ಪುಸ್ತಕದ ಜೊತೆಗೇ ಇಡಿ. ವಾರಸುದಾರಿಕೆಯ ಅರ್ಜಿಯ ವಿಚಾರಣೆ ಬಂದಾಗ ಅದನ್ನು ಕೇಳುತ್ತಾರೆ.